ಹದಿನೈದರವರೆಗೆ

ಗ್ರಿಮ್ಸ್‌ಬಿಯಲ್ಲಿ ರಾತ್ರಿ ಮೂರು ಗಂಟೆ.
ಬಂದರಿನ ಗಾಳಿಗೆ ಈ ಮಹಡಿಯ ಕಿಟಕಿ ತೆರೆಯುವುದಿಲ್ಲ.
ಆದರೂ ಆರನೇ ಹಾಸಿಗೆಯಿಂದ
ಓಕ್ ಮರದ ಹೊಟ್ಟು ಸುಟ್ಟ ವಾಸನೆ ಬಂದಂತಾಗುತ್ತದೆ.
ಕ್ಲಿಫರ್ಡ್ ಬ್ಲಾಂಚರ್ಡ್: ನಲವತ್ತೊಂದು ವರ್ಷ
ಹ್ಯಾಡಕ್ ಮೀನಿಗೆ ಹೊಗೆ ಕೊಟ್ಟ ಮೈ.
ಐದು ದಿನದಿಂದ ಒರೆಸುತ್ತಿದ್ದೇನೆ,
ವಾಸನೆ ನನ್ನ ಊಹೆಯೇ ಇರಬೇಕು.

ಕುತ್ತಿಗೆಯ ಬಲಕ್ಕೆ ಹೊಕ್ಕ ನಳಿಕೆ,
ಹೊರಗೆ ಮೂರು ಬಾಲ: ಕಂದು, ಬಿಳಿ, ನೀಲಿ.
ಚರ್ಮದಿಂದ ಹೃದಯದ ಹೊಸ್ತಿಲಿಗೆ
ಒಂದು ಗೇಣೂ ಇಲ್ಲ.
ಮದ್ದು ಹೋಗುವ ದಾರಿಯಲ್ಲೇ
ಇನ್ನೊಂದೂ ಹೋಗಬಹುದು,
ಕಾಲಿಲ್ಲದ್ದು, ಬಾಗಿಲು ತಟ್ಟದ್ದು.

ನಳಿಕೆಯ ತುದಿ ಉಜ್ಜುತ್ತೇನೆ. ಒಂದು, ಎರಡು, ಮೂರು...
ಹದಿನೈದರವರೆಗೆ, ಮೆಲ್ಲಗೆ, ಕನ್ನಡದಲ್ಲಿ.
ಇಂಗ್ಲಿಷಿನಲ್ಲಿ ಎಣಿಸಿದರೆ ಬೇಗ ಮುಗಿದುಬಿಡುತ್ತದೆ.
ಆಮೇಲೆ ಒಣಗಲು ಬಿಡಬೇಕು:
ಊದಬಾರದು, ಬೀಸಬಾರದು, ಸುಮ್ಮನೆ ನಿಲ್ಲಬೇಕು.
ಉಜ್ಜುವುದು ಬೇಗ ಬಂತು ನನಗೆ,
ನಿಲ್ಲುವುದಕ್ಕೆ ವರ್ಷಗಳು ಹಿಡಿದವು.

ಬಿಟ್ಟುಹೋದವರನ್ನು ನಾವು
‘ಕೈ ತೊಳೆದುಕೊಂಡರು’ ಅನ್ನುತ್ತೇವೆ.
ಈ ರಾತ್ರಿ ಇಪ್ಪತ್ತೆರಡು ಸಲ ತೊಳೆದೆ.
ಎಲ್ಲಿಗೂ ಹೋಗಲಿಲ್ಲ.

ನಳಿಕೆ ಹಾಕಿದ ದಿನ ಡಾಕ್ಟರ್ ಹ್ಯಾವರ್‌ಸ್ಟಾಕ್,
ಟೋಪಿ, ಮುಖಕವಚ, ನಿಲುವಂಗಿ,
ರೋಗಿಯ ಮೇಲೆ ತಲೆಯಿಂದ ಕಾಲಿಗೆ ಹಾಸಿದ ನೀಲಿ ಬಟ್ಟೆ,
ಸೂಜಿ ಎತ್ತಿದ ಹೊತ್ತಿಗೆ
ಅವನ ಮೊಣಕೈ ದೀಪದ ಹಿಡಿಗೆ ತಾಗಿತು.
ಅವನಿಗೆ ಗೊತ್ತಾಗಲಿಲ್ಲ.
‘ನಿಲ್ಲಿಸಿ,’ ಅಂದೆ. ‘ಮುಟ್ಟಿತು.’
‘ಸ್ವಲ್ಪ...’ ಅಂದ.
‘ಮುಟ್ಟಿತು ಅಂದರೆ ಮುಟ್ಟಿತು.’
ಗ್ಲೌಸು ಕಿತ್ತ, ಅಂಗಿ ಕಳಚಿದ,
ಬೇಸಿನ್ನಿನ ಕಡೆ ನಡೆದ, ಕಿವಿ ಕೆಂಪಗೆ ಮಾಡಿಕೊಂಡು.

ಅಜ್ಜಿ ಚಿಕ್ಕಮಾದಮ್ಮ
ಯಳಂದೂರಿನ ಆಚೆ, ಬಾವಿಯಿಂದ ಹತ್ತು ಮಾರು ದೂರ ನಿಂತು
ಯಾರಾದರೂ ಮೇಲಿನಿಂದ ಹುಯ್ಯಲಿ ಎಂದು
ಬೊಗಸೆ ಒಡ್ಡಿ ಕಾದವಳು.
ಮುಟ್ಟಬೇಡ ಎಂಬುದು
ಅವಳ ಹೆಸರಿಗಿಂತ ಹೆಚ್ಚು ಸಲ
ಅವಳ ಕಿವಿಗೆ ಬಿದ್ದ ಮಾತು.
ಅದೇ ಮಾತು ಈಗ ನನ್ನ ಬಾಯಲ್ಲಿ.
ಆಡುವಾಗ ನಾಲಿಗೆ ಒಂದು ಕ್ಷಣ ಹಿಂಜರಿಯಿತು,
ಸುಳ್ಳೇಕೆ ಹೇಳಲಿ.

ಆದರೆ ಈ ಮಡಿ ಕುಲ ಕೇಳುವುದಿಲ್ಲ.
ಅವನ ಅಂಗೈಯನ್ನೂ ನನ್ನ ಅಂಗೈಯನ್ನೂ
ಒಂದೇ ಅನುಮಾನದಿಂದ ನೋಡುತ್ತದೆ.
ಅಜ್ಜಿ ಇದ್ದಿದ್ದರೆ ನಗುತ್ತಿದ್ದಳೋ,
ಎಲೆಯಡಿಕೆ ಉಗಿದು ಎದ್ದುಹೋಗುತ್ತಿದ್ದಳೋ.

ಗೋಡೆಯ ಹಲಗೆಯಲ್ಲಿ ಒಂದು ಅಂಕಿ:
ಯಾರ ರಕ್ತಕ್ಕೂ ನಳಿಕೆಯಿಂದ ಸೋಂಕು ತಾಗದ ದಿನಗಳು, ಇನ್ನೂರ ಆರು.
ಮಾರ್ಚಿಯಲ್ಲಿ ಅದು ಸೊನ್ನೆಯಾಗಿತ್ತು.
ಎರಡನೇ ಹಾಸಿಗೆಯ ಹಿಲ್ಡಾ ಟಾಫ್ಟ್,
ಅಂಚು ಎದ್ದ ಒಂದು ಪಟ್ಟಿ,
‘ಶಿಫ್ಟ್ ಮುಗಿಯಲಿ, ಬದಲಿಸೋಣ’ ಎಂದ ಒಂದು ಮಧ್ಯಾಹ್ನ.
ಮಾರನೆಯ ದಿನ ನಡುಕ.
ಬದುಕಿದಳು, ಮೂರು ವಾರ ತಡವಾಗಿ ಮನೆಗೆ ಹೋದಳು.
ಆ ಮಧ್ಯಾಹ್ನ ಯಾರದೆಂದು ಯಾರೂ ಕೇಳಲಿಲ್ಲ.
ನನ್ನದು.

ಎಂಟು ಗಂಟೆಗೆ ರೌಂಡು.
ಹ್ಯಾವರ್‌ಸ್ಟಾಕ್ ದಿನವೂ ಕೇಳಬೇಕಾದ ಪ್ರಶ್ನೆ ಕೇಳಿದ:
‘ಇದು ಇನ್ನೂ ಬೇಕೇ?’
ಕಾಗದ ನೋಡಲಿಲ್ಲ, ನನ್ನನ್ನು ನೋಡಿದ.
‘ಬೇಡ,’ ಅಂದೆ.

ಹಾಸಿಗೆ ಇಳಿಸಿ, ಉಸಿರು ಹಿಡಿಯಿರಿ ಎಂದು
ಎಳೆದೆ. ಬಂತು, ಒದ್ದೆ ದಾರದಂತೆ.
ಐದು ನಿಮಿಷ ಗಾಜು ಬಟ್ಟೆ ಒತ್ತಿ ಹಿಡಿಯಬೇಕು.
ನಿನ್ನೆಯಷ್ಟೇ ಕೊಳವೆ ತೆಗೆದ ಗಂಟಲು
ಕೆರೆದುಕೊಂಡು ಮಾತಾಡಿತು:
‘ರಾತ್ರಿಯೆಲ್ಲ ಏನೋ ಎಣಿಸ್ತಿದ್ದೆ ನೀನು.
ಒಂದು ಕಡೆ ಬಂದು ನಿಲ್ಲಿಸಿಬಿಡ್ತಿದ್ದೆ.
ಅದರ ಮುಂದೆ ಏನೂ ಇಲ್ವಾ ನಿಮ್ಮಲ್ಲಿ?’

ನನ್ನ ಬೆರಳಡಿಯಲ್ಲಿ ಅವನ ನಾಡಿ.
‘ಇದೆ,’ ಅಂದೆ.
‘ಹದಿನಾರು.’